ಹೊರೆ ಹಂಚಿಕೊಂಡರೆ ಜಾಲಕ್ಕೆ ಆಯಸ್ಸು

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರ ಮಳೆಯನ್ನೇ ನೆಚ್ಚಿಕೊಂಡ ಊರು. ಆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 500ರಿಂದ 600 ಮಿಲಿಮೀಟರ್ ಆಸುಪಾಸು. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಡಲೆಕಾಯಿ ಬಿತ್ತುವ ರೈತನಿಗೆ ಪ್ರತಿ ವರ್ಷವೂ ಅದೇ ಪ್ರಶ್ನೆ: ಈಗ ಬಿದ್ದ ಮಳೆಗೆ ಭೂಮಿ ಹದವಾಗಿದೆಯೇ, ಇನ್ನೊಂದು ಮಳೆಗೆ ಕಾಯಬೇಕೇ? ಅವಸರಪಟ್ಟರೆ ಬೀಜ ಮಣ್ಣಿನಲ್ಲೇ ಒಣಗುತ್ತದೆ. ತಡಮಾಡಿದರೆ ಹಂಗಾಮು ಕೈತಪ್ಪುತ್ತದೆ.

2004ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಈ ಭಾಗದ ಹಳ್ಳಿಗಳಲ್ಲಿ ಒಂದು ಸಮೀಕ್ಷೆ ನಡೆಸಿದರು. ನಿಮಗೆ ಯಾವ ಮಾಹಿತಿ ಸಿಕ್ಕಿದರೆ ಅನುಕೂಲ ಎಂದು ಕೇಳಿದರು. ಯಾವ ತಳಿ ಆರಿಸಬೇಕು, ಯಾವಾಗ ಬಿತ್ತಬೇಕು, ರೋಗ ಕೀಟ ಯಾವಾಗ ಬಂದೀತು, ಇರುವ ನೀರನ್ನು ಹೇಗೆ ಬಳಸಬೇಕು ಎಂಬ ತೀರ್ಮಾನಗಳಿಗೆ ಹವೆ ಮತ್ತು ಮಣ್ಣಿನ ಮಾಹಿತಿ ನೆರವಾದೀತು ಎಂಬುದು ಸಮೀಕ್ಷೆಯಿಂದ ತಿಳಿಯಿತು. ಹೀಗೆ ಹುಟ್ಟಿದ ಯೋಜನೆಯ ಹೆಸರು ‘ಕಾಮನ್‌ಸೆನ್ಸ್ ನೆಟ್’. ಜಾಕ್ ಪಾಂಚಾರ್, ಟಿ.ವಿ. ಪ್ರಭಾಕರ್, ಎಚ್.ಎಸ್. ಜಮದಗ್ನಿ ಮೊದಲಾದವರು ಅದರಲ್ಲಿ ದುಡಿದರು. ಮಣ್ಣಿನ ತೇವ, ಗಾಳಿಯ ಉಷ್ಣತೆ ಮತ್ತು ಆರ್ದ್ರತೆಯನ್ನು ಅಳೆಯುವ ಸಣ್ಣ ಸಂವೇದಕ ಪೆಟ್ಟಿಗೆಗಳನ್ನು ಹೊಲಗಳಲ್ಲಿ ನಿಲ್ಲಿಸಿದರು. ತಂತಿಯಿಲ್ಲ, ಕರೆಂಟಿಲ್ಲ. ಪೆಟ್ಟಿಗೆಯ ಹೊಟ್ಟೆಯಲ್ಲಿ ಸಣ್ಣ ಬ್ಯಾಟರಿ, ತಲೆಯ ಮೇಲೊಂದು ಪುಟ್ಟ ಆಂಟೆನಾ. ಒಂದು ಪೆಟ್ಟಿಗೆ ಕಂಡದ್ದನ್ನು ಪಕ್ಕದ ಪೆಟ್ಟಿಗೆಗೆ ಹೇಳಬೇಕು, ಅದು ಇನ್ನೊಂದಕ್ಕೆ, ಹೀಗೆ ಮಾತು ಊರಿನಲ್ಲಿದ್ದ ಕಂಪ್ಯೂಟರನ್ನು ತಲುಪಬೇಕು.

ಇಲ್ಲಿಯೇ ಇಂದಿನ ವಿಷಯ ಶುರುವಾಗುವುದು. ಯಾವ ಪೆಟ್ಟಿಗೆ ಯಾವ ಪೆಟ್ಟಿಗೆಯೊಡನೆ ಮಾತಾಡಬೇಕು? ಎಲ್ಲವೂ ಎಲ್ಲದರೊಡನೆ ಮಾತಾಡಿದರೆ ಬ್ಯಾಟರಿ ಕೆಲವೇ ದಿನಗಳಲ್ಲಿ ಖಾಲಿ. ತೀರಾ ಕಡಿಮೆ ಮಾತಾಡಿದರೆ ಹೊಲದ ಸುದ್ದಿ ಊರು ಮುಟ್ಟುವುದಿಲ್ಲ. ಈ ನಡುವಿನ ದಾರಿಯನ್ನು ಹುಡುಕುವುದೇ ಒಂದು ವಿದ್ಯೆಯಾಗಿ ಬೆಳೆದಿದೆ. ಇಂಜಿನಿಯರುಗಳು ಅದನ್ನು ಟೊಪಾಲಜಿ ವಿನ್ಯಾಸ ಎನ್ನುತ್ತಾರೆ. ನಾವು ಜಾಲದ ಕಟ್ಟು ಎನ್ನಬಹುದು.

ಗೋಪುರವಿಲ್ಲದ ಜಾಲ

ನಮ್ಮ ಕೈಯಲ್ಲಿರುವ ಮೊಬೈಲ್ ಫೋನು ನೇರವಾಗಿ ಮತ್ತೊಂದು ಫೋನಿನೊಡನೆ ಮಾತಾಡುವುದಿಲ್ಲ. ಪಕ್ಕದ ಮನೆಗೆ ಫೋನ್ ಮಾಡಿದರೂ ಮಾತು ಮೊದಲು ಟವರಿಗೆ ಹೋಗಿ, ಅಲ್ಲಿಂದ ವಿನಿಮಯ ಕೇಂದ್ರಕ್ಕೆ ಸಾಗಿ, ಮತ್ತೆ ಟವರಿಗೆ ಬಂದು, ಆಮೇಲೆ ಪಕ್ಕದ ಮನೆ ಸೇರುತ್ತದೆ. ಟವರಿಗೆ ದೊಡ್ಡ ಬ್ಯಾಟರಿ, ಜನರೇಟರು, ಕಾವಲು ಎಲ್ಲ ಉಂಟು. ಭಾರವಾದ ಕೆಲಸವನ್ನೆಲ್ಲ ಅದೇ ಹೊರುತ್ತದೆ.

ಟವರಿಲ್ಲದ ಕಡೆ ಏನು ಮಾಡುವುದು? ಇದ್ದವರೇ ಒಬ್ಬರಿಗೊಬ್ಬರು ಟವರಾಗಬೇಕು. ಇಂಥ ಜಾಲಕ್ಕೆ ‘ಅಡ್ ಹಾಕ್’ ಜಾಲವೆಂದು ಹೆಸರು. ಅಡ್ ಹಾಕ್ ಸಮಿತಿ, ಅಡ್ ಹಾಕ್ ನೇಮಕಾತಿ ಎಂಬ ಮಾತುಗಳನ್ನು ನಾವು ಸರ್ಕಾರಿ ಕಚೇರಿಗಳಲ್ಲಿ ಕೇಳಿದ್ದೇವೆ. ಲ್ಯಾಟಿನ್ ಭಾಷೆಯ ಆ ನುಡಿಗೆ ‘ಇದಕ್ಕಾಗಿ’ ಎಂದಷ್ಟೇ ಅರ್ಥ. ಆ ಹೊತ್ತಿನ ಕೆಲಸಕ್ಕೆಂದು, ಇರುವಷ್ಟು ಮಂದಿ ಸೇರಿ, ಯಜಮಾನನಿಲ್ಲದೆ ಕಟ್ಟಿಕೊಂಡ ಏರ್ಪಾಡು ಅದು.

ಈ ಯೋಚನೆ ಹೊಸದಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ಕಂಪ್ಯೂಟರ್ ಮಾಹಿತಿಯನ್ನು ರೇಡಿಯೋ ಮೂಲಕ ತುಣುಕು ತುಣುಕಾಗಿ ಸಾಗಿಸಿ ತೋರಿಸಿದರು. ಅದರ ಬೆನ್ನಿಗೇ ಅಮೆರಿಕದ ರಕ್ಷಣಾ ಇಲಾಖೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಒಂದು ಪ್ರಯೋಗ ಕೈಗೊಂಡಿತು. ಅಲ್ಲಿ ರೇಡಿಯೋಗಳು ಕೈಯಿಂದ ಕೈಗೆ ಸಂದೇಶ ದಾಟಿಸುತ್ತಿದ್ದವು. ಯುದ್ಧಭೂಮಿಯಲ್ಲಿ ಟವರು ನಿಲ್ಲಿಸಲು ಪುರುಸೊತ್ತಿರುವುದಿಲ್ಲ ಎಂಬುದು ಆಗಿನ ಕಾರಣ. ಆದರೆ ಸೇನೆಯ ಜೀಪಿನಲ್ಲಿ ಬ್ಯಾಟರಿಗೆ ಬರವಿಲ್ಲ. ಹೊಲದಲ್ಲಿ ಒಂಟಿಯಾಗಿ ನಿಂತ ಪೆಟ್ಟಿಗೆಯ ಮಾತೇ ಬೇರೆ. ಉಳಿತಾಯದ ಪ್ರಶ್ನೆ ಮುನ್ನೆಲೆಗೆ ಬಂದದ್ದು 1990ರ ದಶಕದ ಕೊನೆಯ ಹೊತ್ತಿಗೆ, ಬೆಂಕಿಪೊಟ್ಟಣದ ಗಾತ್ರದ ಸಂವೇದಕಗಳ ಕನಸು ಹುಟ್ಟಿದ ಮೇಲೆ.

ಅಂಚೆ ಓಟಗಾರರ ಪಾಠ

ಕೈಯಿಂದ ಕೈಗೆ ಸುದ್ದಿ ದಾಟಿಸುವ ವಿದ್ಯೆ ನಮ್ಮ ನಾಡಿಗೆ ಹಳೆಯದು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅಂಚೆಯ ವ್ಯವಸ್ಥೆ ನೆಲೆಗೊಂಡಿತು. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ವಿಲೀನವಾಗುವವರೆಗೂ ತನ್ನದೇ ಆದ ಬದುಕು ನಡೆಸಿತು. ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ ಎಂಬ ಅರ್ಥವೂ ಉಂಟು. ನಳನ ಮಾತನ್ನು ದಮಯಂತಿಗೆ ಮುಟ್ಟಿಸಿದ ಹಂಸ ನೆನಪಾಗುವುದು ಸಹಜವೇ.

ಆದರೆ ನೆಲದ ಮೇಲಿನ ಅಂಚೆಯನ್ನು ಹೊತ್ತವರು ಓಟಗಾರರು. ಒಬ್ಬನೇ ಓಟಗಾರ ಮೈಸೂರಿನಿಂದ ದೂರದ ಗಡಿಯವರೆಗೆ ಓಡುತ್ತಿರಲಿಲ್ಲ. ದಾರಿಯಲ್ಲಿ ಕಟ್ಟೆಗಳಿದ್ದವು. ಒಬ್ಬ ತನ್ನ ಪಾಲಿನ ಹರದಾರಿಗಳನ್ನು ಓಡಿ, ಕಾದು ನಿಂತಿದ್ದ ಮತ್ತೊಬ್ಬನ ಹೆಗಲಿಗೆ ಚೀಲ ಏರಿಸಿ, ಅಲ್ಲಿಯೇ ದಣಿವಾರಿಸಿಕೊಳ್ಳುತ್ತಿದ್ದ. ಪ್ರಾಚೀನ ಪರ್ಷಿಯಾದಲ್ಲಿ ಕುದುರೆ ಸವಾರರೂ ದಕ್ಷಿಣ ಅಮೆರಿಕದ ಇಂಕಾ ರಾಜ್ಯದಲ್ಲಿ ಕಾಲ್ದೂತರೂ ಇದೇ ರೀತಿ ನಡೆಸುತ್ತಿದ್ದರು. ಹತ್ತು ಹರದಾರಿ ಓಡಿದವನು ಹನ್ನೊಂದನೆಯ ಹರದಾರಿಯನ್ನು ಮೊದಲನೆಯದರಷ್ಟು ಸುಲಭವಾಗಿ ಓಡಲಾರ. ದೂರ ಬೆಳೆದಂತೆ ದಣಿವು ಅದಕ್ಕಿಂತ ಬೇಗ ಬೆಳೆಯುತ್ತದೆ.

ರೇಡಿಯೋ ತರಂಗದ ಪಾಡೂ ಇದೇ. ಬಾವಿಕಟ್ಟೆಯ ಬಳಿ ಇರುವವರೊಡನೆ ಮೆಲ್ಲಗೆ ಮಾತಾಡಬಹುದು. ಹೊಲದ ಆಚೆ ಬದಿಯವರನ್ನು ಕೂಗಿ ಕರೆಯಬೇಕು. ದೂರ ಎರಡರಷ್ಟಾದರೆ ಕೂಗಿಗೆ ಎರಡರಷ್ಟು ಶಕ್ತಿ ಸಾಲದು, ನಾಲ್ಕರಷ್ಟು ಬೇಕು. ತರಂಗ ನಾಲ್ಕೂ ಕಡೆಗೆ ಹರಡಿ ತೆಳುವಾಗುವುದೇ ಇದಕ್ಕೆ ಕಾರಣ. ಇದು ತೆರೆದ ಬಯಲಿನ ಲೆಕ್ಕ. ಆಂಟೆನಾ ನೆಲಕ್ಕೆ ಹತ್ತಿರವಿದ್ದರೆ ನೆಲಕ್ಕೆ ಬಡಿದು ಬರುವ ತರಂಗ ನೇರ ಬರುವ ತರಂಗವನ್ನು ಕೆಡಿಸುತ್ತದೆ. ಆಗ ಎರಡರಷ್ಟು ದೂರಕ್ಕೆ ಹದಿನಾರರಷ್ಟು ಶಕ್ತಿ ಬೇಕಾದರೂ ಬೇಕಾದೀತು. ಪೈರಿನ ಎಲೆಗಳಲ್ಲಿರುವ ನೀರು ಕೂಡ ತರಂಗವನ್ನು ಹೀರಿಕೊಳ್ಳುತ್ತದೆ. ಬಿತ್ತನೆಯ ದಿನ ಚೆನ್ನಾಗಿ ಕೇಳುತ್ತಿದ್ದ ನೆರೆಯ ಪೆಟ್ಟಿಗೆ ಬೆಳೆ ಎದ್ದ ಮೇಲೆ ಕೇಳಿಸದೇ ಹೋಗಬಹುದು.

ಮರಳೂರಿನಲ್ಲೊಂದು ಲೆಕ್ಕ

ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೆ ಬರೋಣ. ತುಮಕೂರು ನಗರದ ಮರಳೂರಿನಲ್ಲಿ 1979ರಲ್ಲಿ ಆರಂಭವಾದ ಶ್ರೀ ಸಿದ್ಧಾರ್ಥ ಇಂಜಿನಿಯರಿಂಗ್ ಕಾಲೇಜು ಇದೆ. ನಮ್ಮ ನಾಡಿನ ಇಂಥ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು ಕಂಪ್ಯೂಟರಿನ ಪರದೆಯ ಮೇಲೆ ಚುಕ್ಕೆಗಳನ್ನಿಟ್ಟು, ಗೆರೆ ಎಳೆದು ಈ ಲೆಕ್ಕವನ್ನು ಮಾಡಿ ನೋಡುತ್ತಾರೆ. ನಾವು ಅದನ್ನು ಮರಳೂರಿನ ಬೀದಿಯಲ್ಲಿ ಮಾಡಿ ನೋಡೋಣ.

ಒಂದು ತುದಿಯ ಮನೆಯಿಂದ ಮತ್ತೊಂದು ತುದಿಯ ಮನೆಗೆ 400 ಮೀಟರ್ ಎಂದುಕೊಳ್ಳಿ. ಒಂದೇ ಕೂಗಿಗೆ ಮುಟ್ಟಿಸಬೇಕಾದರೆ ಬೇಕಾಗುವ ಶಕ್ತಿ 400ರ ವರ್ಗ, ಅಂದರೆ 1,60,000 ಪಾಲು. ನಡುವೆ ಮೂರು ಮನೆಗಳವರು ನೆರವಾದರೆ ತಲಾ 100 ಮೀಟರಿನ ನಾಲ್ಕು ಜಿಗಿತ. ಒಂದೊಂದಕ್ಕೆ 10,000 ಪಾಲು, ನಾಲ್ಕಕ್ಕೆ 40,000. ಮುಕ್ಕಾಲು ಪಾಲು ಉಳಿತಾಯ. ನೆಲಕ್ಕೆ ಹತ್ತಿರದ ಲೆಕ್ಕ ಹಿಡಿದರೆ ಒಂದೇ ಕೂಗಿನ ಅರವತ್ತನಾಲ್ಕನೆಯ ಒಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ.

ಹಾಗಾದರೆ ಯಾವ ನೆರೆಯವರನ್ನು ನಡುವೆ ಸೇರಿಸಿಕೊಂಡರೆ ಲಾಭ? ಇದಕ್ಕೆ ಶಾಲೆಯ ರೇಖಾಗಣಿತವೇ ಉತ್ತರ ಕೊಡುತ್ತದೆ. ಎರಡು ಮನೆಗಳ ನಡುವಿನ ಗೆರೆಯನ್ನು ವ್ಯಾಸವಾಗಿಟ್ಟುಕೊಂಡು ಒಂದು ವೃತ್ತ ಎಳೆಯಿರಿ. ಮೂರನೆಯ ಮನೆ ಸರಿಯಾಗಿ ವೃತ್ತದ ಅಂಚಿನ ಮೇಲಿದ್ದರೆ ಅಲ್ಲಿ ಲಂಬಕೋನ ಉಂಟಾಗುತ್ತದೆ. ದೂರಗಳು 30, 40, 50 ಮೀಟರ್ ಎಂದಿಟ್ಟುಕೊಂಡರೆ 30ರ ವರ್ಗ 900, 40ರ ವರ್ಗ 1,600, ಕೂಡಿದರೆ 2,500. ಅದು 50ರ ವರ್ಗಕ್ಕೆ ಸಮ. ಶುಲ್ಬಸೂತ್ರದ ಬೌಧಾಯನನಿಗೂ ಗ್ರೀಸಿನ ಪೈಥಾಗೊರಸನಿಗೂ ಗೊತ್ತಿದ್ದ ಪ್ರಮೇಯವಿದು. ಹಾಗಾದರೆ ಅಂಚಿನ ಮೇಲಿರುವ ಮನೆಯ ಮೂಲಕ ಹೋದರೂ ನೇರ ಹೋದರೂ ಖರ್ಚು ಒಂದೇ. ಮೂರನೆಯ ಮನೆ ವೃತ್ತದ ಒಳಗಿದ್ದರೆ ಅದರ ಮೂಲಕ ಹೋಗುವುದೇ ಅಗ್ಗ, ಹೊರಗಿದ್ದರೆ ನೇರ ಹೋಗುವುದೇ ಅಗ್ಗ.

ಹೀಗಾಗಿ ನಿಯಮ ಬಲು ಸರಳ. ಇಬ್ಬರ ನಡುವಿನ ವೃತ್ತದೊಳಗೆ ಮೂರನೆಯವನೊಬ್ಬ ಇದ್ದಾನೆಂದಾದರೆ ಆ ಇಬ್ಬರ ನೇರ ಸಂಬಂಧವನ್ನು ಕಡಿದುಹಾಕಿ. ಹೀಗೆ ಕಡಿದು ಉಳಿದ ಕಟ್ಟಿಗೆ ‘ಗೇಬ್ರಿಯಲ್ ಜಾಲ’ ಎಂದು ಹೆಸರು. 1969ರಲ್ಲಿ ರೂಬೆನ್ ಗೇಬ್ರಿಯಲ್ ಮತ್ತು ರಾಬರ್ಟ್ ಸೋಕಾಲ್ ಇದನ್ನು ಮುಂದಿಟ್ಟದ್ದು ಜೀವಿಗಳ ಭೌಗೋಳಿಕ ವ್ಯತ್ಯಾಸಗಳ ಅಧ್ಯಯನಕ್ಕಾಗಿ. ರೇಡಿಯೋ ಅವರ ಮನಸ್ಸಿನಲ್ಲೇ ಇರಲಿಲ್ಲ. ಮೂರು ದಶಕಗಳ ನಂತರ ಅದು ಬ್ಯಾಟರಿ ಉಳಿಸುವ ಸೂತ್ರವಾಯಿತು. ಇದರ ಹಿರಿಮೆಯೆಂದರೆ ಇಡೀ ಊರಿನ ನಕ್ಷೆ ಯಾರ ಕೈಯಲ್ಲೂ ಇರಬೇಕಾಗಿಲ್ಲ. ತನ್ನ ಸುತ್ತಮುತ್ತ ಯಾರಿದ್ದಾರೆ ಎಂದು ಗೊತ್ತಿದ್ದರೆ ಪ್ರತಿ ಪೆಟ್ಟಿಗೆಯೂ ತನ್ನ ತೀರ್ಮಾನವನ್ನು ತಾನೇ ಮಾಡಬಲ್ಲುದು.

ಆದರೆ ಈ ಸೂತ್ರವನ್ನು ಅತಿಗೆ ಒಯ್ಯಬಾರದು. ಅಂಚೆಯ ಓಟದಲ್ಲಿ ಪ್ರತಿ ಕಟ್ಟೆಯಲ್ಲೂ ಚೀಲ ಇಳಿಸಿ, ಲೆಕ್ಕ ಬರೆದು, ಮತ್ತೆ ಏರಿಸಬೇಕು. ಹೆಜ್ಜೆಗೊಂದು ಕಟ್ಟೆಯಿದ್ದರೆ ಓಟಕ್ಕಿಂತ ಕೈ ಬದಲಿಸುವುದೇ ದೊಡ್ಡ ಕೆಲಸವಾಗುತ್ತದೆ. ಪೆಟ್ಟಿಗೆಗಳಲ್ಲೂ ಹಾಗೆಯೇ. ದೂರ ಎಷ್ಟೇ ಇರಲಿ, ಮಾತನ್ನು ಕೇಳಿಸಿಕೊಂಡು ಮತ್ತೆ ಹೊರಡಿಸಲು ಒಳಗಿನ ವಿದ್ಯುನ್ಮಂಡಲಕ್ಕೆ ಇಷ್ಟೆಂದು ನಿಗದಿಯಾದ ಖರ್ಚುಂಟು. ಜಿಗಿತ ತೀರಾ ಉದ್ದವಾದರೆ ಕೂಗಿನ ಖರ್ಚು, ತೀರಾ ಗಿಡ್ಡವಾದರೆ ಕೈ ಬದಲಿಸುವ ಖರ್ಚು. ಎರಡರ ನಡುವೆ ಒಂದು ಹದವಾದ ದೂರವಿದೆ. ಒಳ್ಳೆಯ ಕಟ್ಟು ಅದರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಕೇಳುವುದಕ್ಕೂ ಬೆಲೆ ಇದೆ

ಮಾತಾಡುವುದಕ್ಕೆ ಶಕ್ತಿ ಬೇಕು, ಸುಮ್ಮನೆ ಕಿವಿಗೊಟ್ಟು ಕೂರುವುದಕ್ಕೆ ಏನು ಖರ್ಚು ಎಂದು ಯಾರಿಗಾದರೂ ಅನಿಸಬಹುದು. ಅಚ್ಚರಿಯೆಂದರೆ, ಇಂಥ ಪುಟ್ಟ ರೇಡಿಯೋಗಳಲ್ಲಿ ಬ್ಯಾಟರಿಯ ಹೆಚ್ಚಿನ ಪಾಲು ನುಂಗುವುದು ಈ ಕಾಯುವಿಕೆಯೇ. ಚೆನ್ನಕೇಶವಪುರದ ಪ್ರಯೋಗದ ಕಾಲದ ಪೆಟ್ಟಿಗೆಗಳು ಎಚ್ಚರವಾಗಿದ್ದರೆ, ಮಾತಾಡಲಿ ಬಿಡಲಿ, ಸುಮಾರು 20 ಮಿಲಿ ಆಂಪಿಯರ್ ಎಳೆಯುತ್ತಿದ್ದವು. ಗೋಡೆ ಗಡಿಯಾರಕ್ಕೆ ಹಾಕುವಂಥ ಒಂದು ಜೊತೆ ಸೆಲ್ಲಿನಲ್ಲಿ ಸುಮಾರು 2,500 ಮಿಲಿ ಆಂಪಿಯರ್ ಗಂಟೆಗಳ ಸರಕು ಇರುತ್ತದೆ. ಭಾಗಿಸಿದರೆ 125 ಗಂಟೆ. ಐದು ದಿನಕ್ಕೆ ಪೆಟ್ಟಿಗೆ ಸತ್ತಿತು. ಪೈರು ಮೊಳೆಯುವ ಮುನ್ನವೇ ಸೆಲ್ಲು ಬದಲಿಸಲು ಹೊಲ ಹೊಲ ಅಲೆಯಬೇಕು.

ಅದೇ ಪೆಟ್ಟಿಗೆ ಗಂಟೆಗೆ 36 ಸೆಕೆಂಡು ಮಾತ್ರ ಎದ್ದು, ಉಳಿದ ಹೊತ್ತು ಗಾಢವಾಗಿ ನಿದ್ದೆ ಹೋದರೆ? ನೂರರಲ್ಲಿ ಒಂದು ಪಾಲು ಎಚ್ಚರ, ತೊಂಬತ್ತೊಂಬತ್ತು ಪಾಲು ನಿದ್ದೆ. ನಿದ್ದೆಯಲ್ಲಿ ಅದು ಎಳೆಯುವುದು ಮಿಲಿ ಆಂಪಿಯರಿನ ಐವತ್ತನೆಯ ಒಂದು ಭಾಗದಷ್ಟು. ಲೆಕ್ಕ ಹಾಕಿದರೆ ಅದೇ ಸೆಲ್ಲು ಕಾಗದದ ಮೇಲಾದರೂ ಒಂದೂಕಾಲು ವರ್ಷ ಬಾಳುತ್ತದೆ. ಒಂದು ಹಂಗಾಮು ದಾಟಿ ಮುಂದಿನದಕ್ಕೂ ಕಾಲಿಡಬಹುದು.

ಆದರೆ ಎಲ್ಲರೂ ಮಲಗಿದರೆ ಸುದ್ದಿ ದಾಟಿಸುವವರು ಯಾರು? ಇಬ್ಬರು ನೆರೆಯವರು ಬೇರೆ ಬೇರೆ ಹೊತ್ತಿಗೆ ಎದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಎಲ್ಲರ ಗಡಿಯಾರವನ್ನೂ ಸರಿಹೊಂದಿಸಿ ಒಟ್ಟಿಗೆ ಏಳುವುದು. ಇನ್ನೊಂದು, ಊರಿಗೆ ಬೆನ್ನೆಲುಬಿನಂತಿರುವ ಕೆಲವರನ್ನಷ್ಟೇ ಎಚ್ಚರವಾಗಿಟ್ಟು ಉಳಿದವರನ್ನು ಮಲಗಿಸುವುದು. ಯಾರೇ ಎದ್ದು ಮಾತಾಡಿದರೂ ಪಕ್ಕದಲ್ಲಿ ಎಚ್ಚರವಿರುವ ಒಬ್ಬನಾದರೂ ಸಿಗಬೇಕು, ಹಾಗೂ ಎಚ್ಚರವಿರುವವರು ತಮ್ಮಲ್ಲೇ ಕೊಂಡಿ ತಪ್ಪದಂತೆ ಇರಬೇಕು. ಹಳ್ಳಿಯಲ್ಲಿ ರಾತ್ರಿ ಗಸ್ತಿಗೆ ಬೀದಿಗೊಬ್ಬನನ್ನು ಆರಿಸಿದಂತೆ.

ಕೋಡಿಯ ನೀರೆಲ್ಲ ಕೆಳಗಿನ ಕೆರೆಗೆ

ಈಗ ಈ ವಿದ್ಯೆಯ ಅತಿ ಕಷ್ಟದ ಭಾಗಕ್ಕೆ ಬರೋಣ. ಊರಿನ ಕಂಪ್ಯೂಟರಿನಿಂದ ಹೊಲದ ತುದಿಯವರೆಗೆ ಹತ್ತು ಪೆಟ್ಟಿಗೆಗಳು ಸಾಲಾಗಿ ನಿಂತಿವೆ ಎನ್ನಿ. ಪ್ರತಿಯೊಂದೂ ಗಂಟೆಗೊಂದು ಸುದ್ದಿ ಕಳಿಸುತ್ತದೆ. ತೀರಾ ದೂರದ ಪೆಟ್ಟಿಗೆ ತನ್ನದೊಂದು ಸುದ್ದಿ ಹೇಳಿ ಮಲಗುತ್ತದೆ. ಅದರ ಮುಂದಿನದು ಎರಡು ಸುದ್ದಿ ದಾಟಿಸಬೇಕು, ಅದರ ಮುಂದಿನದು ಮೂರು. ಊರಿಗೆ ಅಂಟಿಕೊಂಡಿರುವ ಪೆಟ್ಟಿಗೆ ಒಂಬತ್ತು ಸುದ್ದಿ ಕೇಳಿಸಿಕೊಂಡು ಹತ್ತು ಸುದ್ದಿ ಹೇಳಬೇಕು.

ತುಮಕೂರು ಸೀಮೆಯ ಕೆರೆಸಾಲುಗಳನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಅದರ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಸಾಲಿನ ಕೊನೆಯ ಕೆರೆ ಮೇಲಿನ ಎಲ್ಲ ಕೆರೆಗಳಿಂದ ಹರಿದುಬಂದ ನೀರನ್ನೂ ತಾಳಬೇಕು. ಜಾಲದಲ್ಲಿ ಮೊದಲು ಸಾಯುವುದು ಊರಿಗೆ ಹತ್ತಿರದ ಪೆಟ್ಟಿಗೆ. ದೂರದ ಒಂಬತ್ತು ಪೆಟ್ಟಿಗೆಗಳಲ್ಲಿ ಇನ್ನೂ ತಿಂಗಳುಗಟ್ಟಲೆ ಬ್ಯಾಟರಿ ಉಳಿದಿರುತ್ತದೆ, ಅವು ನಿಯತ್ತಿನಿಂದ ಮಣ್ಣಿನ ತೇವ ಅಳೆಯುತ್ತಲೇ ಇರುತ್ತವೆ. ಆದರೆ ಒಂದು ಮಾತೂ ಊರು ಮುಟ್ಟುವುದಿಲ್ಲ. ರೈತನ ಪಾಲಿಗೆ ಹತ್ತೂ ಸತ್ತಂತೆಯೇ.

ಆದ್ದರಿಂದ ಒಟ್ಟು ಎಷ್ಟು ಶಕ್ತಿ ಉಳಿಯಿತು ಎಂದು ನೋಡಿದರೆ ಸಾಲದು. ಯಾರ ಹೆಗಲ ಮೇಲೆ ಎಷ್ಟು ಹೊರೆ ಬಿತ್ತು ಎಂದು ನೋಡಬೇಕು. ಅತಿ ಅಗ್ಗದ ದಾರಿಯನ್ನು ಎಲ್ಲರೂ ತುಳಿದರೆ ಆ ದಾರಿಯಲ್ಲಿರುವವನೇ ಮೊದಲು ಕುಸಿಯುತ್ತಾನೆ.

2000ದಲ್ಲಿ ಅಮೆರಿಕದ ಎಂಐಟಿಯ ವೆಂಡಿ ಹೈನ್ಝಲ್ಮನ್, ಅನಂತ ಚಂದ್ರಕಾಸನ್ ಮತ್ತು ಹರಿ ಬಾಲಕೃಷ್ಣನ್ ಇದಕ್ಕೊಂದು ಪರಿಹಾರ ಸೂಚಿಸಿದರು. ‘ಲೀಚ್’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಪೆಟ್ಟಿಗೆಗಳು ಗುಂಪು ಗುಂಪಾಗಿ ಸೇರುತ್ತವೆ. ಪ್ರತಿ ಗುಂಪಿಗೂ ಒಬ್ಬ ಮುಖ್ಯಸ್ಥ. ಉಳಿದವರು ಮೆಲುದನಿಯಲ್ಲಿ ಮುಖ್ಯಸ್ಥನಿಗೆ ಸುದ್ದಿ ಹೇಳುತ್ತಾರೆ, ಮುಖ್ಯಸ್ಥ ಅವನ್ನೆಲ್ಲ ಒಟ್ಟುಗೂಡಿಸಿ ದೂರದ ಕೇಂದ್ರಕ್ಕೆ ಕೂಗಿ ಹೇಳುತ್ತಾನೆ. ಮುಖ್ಯಸ್ಥನ ಕೆಲಸ ಭಾರ, ಬ್ಯಾಟರಿ ಬೇಗ ಇಳಿಯುತ್ತದೆ. ಆದಕಾರಣ ಮುಖ್ಯಸ್ಥನ ಸ್ಥಾನ ಶಾಶ್ವತವಲ್ಲ. ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ. ನೂರು ಪೆಟ್ಟಿಗೆಗಳಿಗೆ ಐವರು ಮುಖ್ಯಸ್ಥರಿದ್ದರೆ ಹದ ಎಂದು ಅವರ ಲೆಕ್ಕ ಹೇಳಿತು. ಹಳೆಯ ವಿಧಾನಗಳಿಗಿಂತ ಎಂಟರ ಒಂದು ಪಾಲಿನವರೆಗೂ ಖರ್ಚನ್ನು ಇಳಿಸಬಹುದೆಂದು ಕಂಪ್ಯೂಟರಿನ ಮೇಲಿನ ಪರೀಕ್ಷೆಯಲ್ಲಿ ಕಂಡಿತು.

ಸರದಿಯೆಂಬುದು ನಮ್ಮ ಹಳ್ಳಿಗಳಿಗೆ ಹೊಸ ಮಾತಲ್ಲ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಾಯಿಸುವಾಗ ನೀರಗಂಟಿ ಸರದಿ ತಪ್ಪಿಸುವಂತಿರಲಿಲ್ಲ. ಒಟ್ಟುಗೂಡಿಸುವ ಕೆಲಸವೂ ನಮಗೆ ಪರಿಚಿತವೇ. ಹಿಂದೆ ಶಾನುಭೋಗರು ಪ್ರತಿ ರೈತನ ಪಹಣಿಯನ್ನೂ ತಾಲ್ಲೂಕಿಗೆ ಹೊತ್ತೊಯ್ಯುತ್ತಿರಲಿಲ್ಲ, ಊರಿನ ಜಮಾಬಂದಿ ಲೆಕ್ಕವನ್ನು ಕೂಡಿಸಿ ಒಯ್ಯುತ್ತಿದ್ದರು. ಪಕ್ಕಪಕ್ಕದ ಹತ್ತು ಪೆಟ್ಟಿಗೆಗಳು ಹೇಳುವ ಮಣ್ಣಿನ ತೇವ ಬಹುತೇಕ ಒಂದೇ ಆಗಿದ್ದರೆ ಹತ್ತು ಸುದ್ದಿ ಏಕೆ, ಸರಾಸರಿಯೊಂದು ಸಾಕು. ಕೇಂದ್ರಕ್ಕೆ ಹತ್ತಿರದಲ್ಲಿ ಪೆಟ್ಟಿಗೆಗಳನ್ನು ಒತ್ತಾಗಿ ನಿಲ್ಲಿಸುವುದು, ಅವಕ್ಕೆ ಮಾತ್ರ ದೊಡ್ಡ ಬ್ಯಾಟರಿ ಅಥವಾ ಸೌರಫಲಕ ಕೊಡುವುದು, ಇವೂ ರೂಢಿಯಲ್ಲಿರುವ ಉಪಾಯಗಳು.

ಎಷ್ಟು ನೆರೆಯವರು ಬೇಕು?

ಖರ್ಚು ಉಳಿಸುವ ಭರದಲ್ಲಿ ಕೊಂಡಿಗಳನ್ನು ಕಡಿಯುತ್ತಾ ಹೋದರೆ ಕೊನೆಗೆ ಉಳಿಯುವುದು ಮರದ ಕೊಂಬೆಗಳಂಥ ಕಟ್ಟು. ಪ್ರತಿ ಇಬ್ಬರ ನಡುವೆ ಒಂದೇ ದಾರಿ. ಇದಕ್ಕಿಂತ ಕಡಿಮೆ ಕೊಂಡಿಗಳಲ್ಲಿ ಜಾಲವನ್ನು ಹಿಡಿದಿಡಲಾಗದು. ಆದರೆ ಒಂದು ಕೊಂಬೆ ಮುರಿದರೆ ಅದರಾಚೆಯ ಎಲೆಗಳೆಲ್ಲ ಉದುರಿದಂತೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಒಂದೇ ರಸ್ತೆಯಿದ್ದ ಊರುಗಳು ಹೊರಜಗತ್ತಿನಿಂದ ಕಡಿದುಹೋದದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ವಿದ್ಯುತ್ತು ಹೋಗಿ ಟವರುಗಳೂ ಮೌನವಾಗುತ್ತವೆ. ಅಡ್ ಹಾಕ್ ಜಾಲ ನಿಜವಾಗಿ ಬೇಕಾಗುವುದು ಆಗಲೇ. ಆಗ ಅದೇ ಒಂಟಿ ದಾರಿಯ ಜಾಲವಾಗಿದ್ದರೆ ಪ್ರಯೋಜನವೇನು? ಮಿತವ್ಯಯದ ಜೊತೆಗೆ ಒಂದಿಷ್ಟು ಹೆಚ್ಚುವರಿ ದಾರಿಗಳನ್ನೂ ಉಳಿಸಿಕೊಳ್ಳಬೇಕು.

ಎಷ್ಟು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಸ್ವಾರಸ್ಯದ ಚರಿತ್ರೆಯೇ ಇದೆ. 1978ರಲ್ಲಿ ಇಂಟರ್ನೆಟ್ಟಿನ ಆದಿಪುರುಷರಲ್ಲೊಬ್ಬರಾದ ಲಿಯೊನಾರ್ಡ್ ಕ್ಲೈನ್‌ರಾಕ್ ಮತ್ತು ಜಾನ್ ಸಿಲ್ವೆಸ್ಟರ್ ‘ಆರು’ ಎಂಬುದು ಮಾಯಾಸಂಖ್ಯೆ ಎಂದರು. ಪ್ರತಿಯೊಬ್ಬನಿಗೂ ಸರಾಸರಿ ಆರು ನೆರೆಯವರು ಕೇಳಿಸುವಷ್ಟು ದನಿಯಿದ್ದರೆ ಜಾಲ ಚುರುಕಾಗಿ ನಡೆಯುತ್ತದೆ ಎಂಬುದು ಅವರ ಲೆಕ್ಕ. 1984ರಲ್ಲಿ ಕ್ಲೈನ್‌ರಾಕ್ ಅವರೇ ಟಕಾಗಿ ಅವರೊಡನೆ ಸೇರಿ ಲೆಕ್ಕವನ್ನು ಪರಿಷ್ಕರಿಸಿ ‘ಎಂಟು’ ಎಂದರು. 2004ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಫೆಂಗ್ ಶುಯೆ ಮತ್ತು ಭಾರತ ಮೂಲದ ಪಿ.ಆರ್. ಕುಮಾರ್ ಮಾಯಾಸಂಖ್ಯೆ ಎಂಬುದೇ ಇಲ್ಲವೆಂದು ಸಾಧಿಸಿ ತೋರಿಸಿದರು. ಎಲ್ಲೆಂದರಲ್ಲಿ ಚೆಲ್ಲಿದ ಪೆಟ್ಟಿಗೆಗಳ ಸಂಖ್ಯೆ ಬೆಳೆದಂತೆಲ್ಲ ಯಾವುದೋ ಮೂಲೆಯಲ್ಲಿ ಒಂದು ಗುಂಪು ಒಂಟಿಯಾಗಿಬಿಡುವ ಸಂಭವವೂ ಬೆಳೆಯುತ್ತದೆ. ಅದನ್ನು ತಡೆಯಲು ನೆರೆಯವರ ಸಂಖ್ಯೆಯೂ ಬೆಳೆಯಬೇಕು. ಸಮಾಧಾನದ ಸಂಗತಿಯೆಂದರೆ ಅದು ಬಲು ನಿಧಾನವಾಗಿ ಬೆಳೆದರೆ ಸಾಕು. ನೂರು ಪೆಟ್ಟಿಗೆಗಳ ಜಾಲ ಹತ್ತು ಸಾವಿರದ ಜಾಲವಾದರೂ ಬೇಕಾಗುವ ನೆರೆಯವರು ಎರಡರಷ್ಟಾದರೆ ಸಾಕಾಗುತ್ತದೆ.

ಚೆಲ್ಲಿದ ಪೆಟ್ಟಿಗೆಗಳ ಮಾತು ಇದು. ಯೋಚಿಸಿ ನೆಡುವುದಾದರೆ ಲೆಕ್ಕ ಬೇರೆ. ಈ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಗಣ್ಯವಾದ ಕೆಲಸ ನಡೆದಿದೆ. ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದ ಪ್ರೊ. ಅನುರಾಗ್ ಕುಮಾರ್ ಮತ್ತು ಅವರ ವಿದ್ಯಾರ್ಥಿಗಳು ಕೇಳಿಕೊಂಡ ಪ್ರಶ್ನೆ ಇದು: ಸಂವೇದಕಗಳ ಜಾಗ ಮೊದಲೇ ಗೊತ್ತಿದೆ, ನಡುವೆ ಸುದ್ದಿ ದಾಟಿಸುವ ಪೆಟ್ಟಿಗೆಗಳನ್ನು ಎಲ್ಲೆಲ್ಲಿ ಇಟ್ಟರೆ ಅತಿ ಕಡಿಮೆ ಪೆಟ್ಟಿಗೆಗಳಲ್ಲಿ, ಹೆಚ್ಚು ಜಿಗಿತಗಳಿಲ್ಲದೆ ಸುದ್ದಿ ಮುಟ್ಟೀತು? ಇನ್ನೊಂದು ಪ್ರಶ್ನೆ ಇನ್ನೂ ಚೆಂದ. ಒಬ್ಬಾತ ಚೀಲದಲ್ಲಿ ಪೆಟ್ಟಿಗೆಗಳನ್ನು ಹೊತ್ತು ಕಾಡಿನ ದಾರಿಯಲ್ಲಿ ನಡೆಯುತ್ತಿದ್ದಾನೆ. ಮುಂದೆ ದಾರಿ ಎಷ್ಟಿದೆಯೋ, ತರಂಗ ಹೇಗೆ ಹಾಯುತ್ತದೋ ಅವನಿಗೆ ಗೊತ್ತಿಲ್ಲ. ಹೆಜ್ಜೆ ಹೆಜ್ಜೆಗೆ ಅಳೆದು, ಇಲ್ಲಿ ಒಂದನ್ನು ಇಡಬೇಕೋ ಇನ್ನಷ್ಟು ಮುಂದೆ ಹೋಗಬೇಕೋ ಎಂದು ಆಗಿಂದಾಗಲೇ ತೀರ್ಮಾನಿಸಬೇಕು. ಬೇಗ ಇಟ್ಟರೆ ಪೆಟ್ಟಿಗೆ ವ್ಯರ್ಥ, ತಡಮಾಡಿದರೆ ಕೊಂಡಿ ದುರ್ಬಲ. ಹದಮಳೆಗೆ ಕಾಯುವ ರೈತನ ಸಂದಿಗ್ಧದಂತೆಯೇ ಇದು.

ಹೊಲ ಕಲಿಸಿದ್ದು

ಚೆನ್ನಕೇಶವಪುರದ ಪ್ರಯೋಗ ಏನಾಯಿತು? 2007ರಲ್ಲಿ ಸಂಶೋಧಕರು ತಮ್ಮ ಅನುಭವವನ್ನು ಪ್ರಬಂಧವಾಗಿ ಪ್ರಕಟಿಸಿದರು. ಭಾರತದ ಬಡರೈತರ ಬೇಸಾಯಕ್ಕೆ ಸಂವೇದಕ ಜಾಲದ ಉಪಯೋಗವನ್ನೇ ವಿಷಯವಾಗ ಇಟ್ಟುಕೊಂಡು ಪಾಂಚಾರ್ 2008ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. ಪ್ರಯೋಗಶಾಲೆಯ ಮೇಜಿನ ಮೇಲೆ ಸಲೀಸಾಗಿ ನಡೆಯುವ ಜಾಲ ಹೊಲದಲ್ಲಿ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ ಎಂಬುದು ಇಂಥ ಪ್ರಯೋಗಗಳೆಲ್ಲ ಕಲಿಸಿದ ಪಾಠ. ಕಾಗದದ ಮೇಲಿನ ವೃತ್ತ ದುಂಡಗಿರುತ್ತದೆ, ಹೊಲದಲ್ಲಿ ರೇಡಿಯೋದ ವ್ಯಾಪ್ತಿ ಅಂಕುಡೊಂಕು. ಸಂದೇಶಗಳು ದಾರಿಯಲ್ಲಿ ಕಳೆದುಹೋಗುತ್ತವೆ, ಮತ್ತೆ ಕಳಿಸಬೇಕಾಗುತ್ತದೆ, ಮತ್ತೆ ಕಳಿಸಿದಷ್ಟೂ ಬ್ಯಾಟರಿ ಇಳಿಯುತ್ತದೆ. ಪೆಟ್ಟಿಗೆ ಕೊಟ್ಟ ಅಂಕಿ ನೇರವಾಗಿ ರೈತನ ಕೈಗೆ ಹೋದರೆ ಸಾಲದು, ಬೆಳೆಯನ್ನು ಬಲ್ಲ ಕೃಷಿ ವಿಜ್ಞಾನಿ ಅದನ್ನು ಅರ್ಥಮಾಡಿ ಹೇಳಬೇಕೆಂಬುದೂ ಸ್ಪಷ್ಟವಾಯಿತು.

ಅದೇ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಆಮೇಲೆ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿತು. 2019ರ ಕೊನೆಗೆ ಅದು ಪೂರ್ಣಗೊಂಡಿತು. ಶಕ್ತಿಯ ಆ ಸಮುದ್ರದ ಸೀಮೆಯಲ್ಲೇ ಎರಡು ಸೆಲ್ಲಿನ ಪುಟ್ಟ ಪೆಟ್ಟಿಗೆಯೊಂದು ಮಿಲಿ ಆಂಪಿಯರಿನ ಐವತ್ತನೆಯ ಭಾಗಕ್ಕೆ ಲೆಕ್ಕ ಇಡಬೇಕಾಯಿತು ಎಂಬುದು ಸೋಜಿಗ. ಶಕ್ತಿ ಇದ್ದರೆ ಸಾಲದು, ಬೇಕಾದ ಕಡೆ ಬೇಕಾದ ಹೊತ್ತಿಗೆ ಇರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಈಗ ತಂತ್ರಜ್ಞಾನ ಮುಂದುವರಿದಿದೆ. ಬಹಳ ನಿಧಾನವಾಗಿ ಮಾತಾಡಿ, ಕಡಿಮೆ ಶಕ್ತಿಯಲ್ಲೇ ಕಿಲೋಮೀಟರುಗಟ್ಟಲೆ ದೂರ ಮುಟ್ಟುವ ‘ಲೋರಾ’ದಂಥ ರೇಡಿಯೋಗಳು ಬಂದಿವೆ. ಅವುಗಳಿಂದ ಹೊಲದ ಪೆಟ್ಟಿಗೆ ನೆರೆಯವರ ಹಂಗಿಲ್ಲದೆ ಊರಿನ ಕೇಂದ್ರದೊಡನೆ ನೇರವಾಗಿ ಮಾತಾಡಬಹುದು. ಹಾಗೆಂದು ಕೈಯಿಂದ ಕೈಗೆ ದಾಟಿಸುವ ಜಾಲದ ಕಾಲ ಮುಗಿಯಲಿಲ್ಲ. ಬೀದಿದೀಪ, ವಿದ್ಯುತ್ ಮೀಟರು, ಕಟ್ಟಡಗಳೊಳಗಿನ ಉಪಕರಣಗಳಲ್ಲಿ ಅದು ಬಳಕೆಗೆ ಬಂದಿದೆ. 2017ರಲ್ಲಿ ಬ್ಲೂಟೂತ್ ಕೂಡ ಇಂಥ ಜಾಲ ಕಟ್ಟುವ ನಿಯಮಾವಳಿಯನ್ನು ಹೊರತಂದಿತು. ಗುಡ್ಡ, ಕಾಡು, ಗಣಿ, ನೆರೆ, ಭೂಕಂಪದ ಎಡೆಗಳಲ್ಲಿ ಟವರಿಗೆ ಬದಲು ನೆರೆಯವನೇ ಗತಿಯಾಗುವ ಸಂದರ್ಭಗಳು ಇದ್ದೇ ಇವೆ.

ಅಲ್ಲೆಲ್ಲ ಈ ವಿದ್ಯೆಯ ಸಾರ ಬದಲಾಗುವುದಿಲ್ಲ. ದೂರ ಕೂಗಬೇಡ, ಪಕ್ಕದವನಿಗೆ ಹೇಳು. ಕೆಲಸವಿಲ್ಲದಾಗ ಮಲಗು. ಹತ್ತು ಮಾತನ್ನು ಒಂದಾಗಿಸಿ ಹೇಳು. ಒಬ್ಬನ ಹೆಗಲ ಮೇಲೇ ಎಲ್ಲವನ್ನೂ ಹೇರಬೇಡ, ಸರದಿ ಇಡು. ಒಂದು ದಾರಿ ಮುಚ್ಚಿದರೆ ಇನ್ನೊಂದು ಇರಲಿ. ಇಂಜಿನಿಯರುಗಳು ಇದನ್ನು ಸಮೀಕರಣಗಳಲ್ಲಿ ಬರೆಯುತ್ತಾರೆ. ಕೆರೆಯ ನೀರನ್ನು ಸರದಿಯ ಮೇಲೆ ಹಂಚಿಕೊಂಡು ಬಾಳಿದ ಊರುಗಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.